ಹವಾಲ್ದಾರನ ಪಥ್ಯ

ನಮ್ಮ ಮನೆಯವರಿಗೆ ಒಂದು ಹೆಮ್ಮೆಯಿತ್ತು. ಮನುಷ್ಯನಾದವನಿಗೆ ಒಂದಾದರೂ ಹೆಮ್ಮೆ ಬೇಕು, ನಾನು ಅದಕ್ಕೆ ಅಡ್ಡ ಬರುವವಳಲ್ಲ. ಕೆಲವರಿಗೆ ಮಕ್ಕಳ ಮಾರ್ಕಿನ ಹೆಮ್ಮೆ, ಕೆಲವರಿಗೆ ತಲೆಗೂದಲಿನ ಹೆಮ್ಮೆ. ಮಕ್ಕಳಿಲ್ಲದ, ಕೂದಲೂ ಕೈಬಿಟ್ಟ ಇವರಿಗೆ ನಾಯಿಯ ಹೆಮ್ಮೆ. ಅದರಲ್ಲೂ ನಾಯಿಯ ಶಿಸ್ತಿನ ಹೆಮ್ಮೆ. "ನಮ್ಮ ಹವಾಲ್ದಾರ ಬೇರೆಯವರ ಕೈಯಿಂದ ಒಂದು ಚೂರು ಬ್ರೆಡ್ಡೂ ಮುಟ್ಟಲ್ಲ. ಮುಂದೆ ಹಿಡಿದ್ರೆ ಮುಖ ತಿರುಗಿಸ್ತಾನೆ. ಎಲ್ಲಾ ತರಬೇತಿ ಸ್ವಾಮಿ, ತರಬೇತಿ," ಎಂದು ಲಿಫ್ಟಿನಲ್ಲಿ, ಮೆಟ್ಟಿಲ ಮೇಲೆ, ಕಸದ ಡಬ್ಬಿಯ ಹತ್ತಿರ, ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದರು.

ಆ ತರಬೇತಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಭಾನುವಾರ ನೆಲದ ಮೇಲೆ ಬ್ರೆಡ್ಡಿನ ತುಂಡೊಂದನ್ನಿಟ್ಟು, ಬೆರಳೆತ್ತಿ, ಗಂಭೀರವಾಗಿ "ಬೇಡ" ಎಂದರು. ಆಗ ತಾನೆ ಹೊಟ್ಟೆ ತುಂಬ ತಿಂದಿದ್ದ ನಾಯಿ ಆಕಳಿಸಿ ಮಲಗಿತು. ತರಬೇತಿ ಅಲ್ಲಿಗೆ ಮುಗಿಯಿತು. ಇವರು ಕೈ ತೊಳೆದುಕೊಂಡು ಬಂದು, ಪ್ರಾಣಿಗಳ ಮನಸ್ಸನ್ನು ಗೆಲ್ಲುವ ಬಗ್ಗೆ ನನಗೆ ಕಾಫಿ ಆರುವ ತನಕ ವಿವರಿಸಿದರು.

ಇವರದು ಪರದೆ ಅಂಗಡಿಯ ಕೆಲಸ. ಜನರ ಮನೆಗೆ ಹೋಗಿ ಕಿಟಕಿಯ ಅಳತೆ ತೆಗೆಯುತ್ತಾರೆ. ಕಿಟಕಿಯ ಜೊತೆಗೆ ಆ ಮನೆಯ ಗೋಡೆಯ ಬಣ್ಣ, ಯಜಮಾನರ ರಕ್ತದೊತ್ತಡ, ಮಗಳ ಓದು, ಎಲ್ಲದರ ಬಗ್ಗೆಯೂ ಅಭಿಪ್ರಾಯ ಕೊಟ್ಟು ಬರುತ್ತಾರೆ. ಆ ಅಭಿಪ್ರಾಯಗಳ ಗದ್ದಲದಲ್ಲಿ ಒಂದೊಂದು ಸಲ ಅಳತೆ ತಪ್ಪುತ್ತದೆ. ನಮ್ಮ ಮನೆಯ ಪರದೆಗಳು ಮೊಣಕಾಲಿನ ತನಕ ಮಾತ್ರ ಇರುವುದು ಆ ಕಾರಣಕ್ಕೇ. ಬೇರೆಯವರಿಗೆ ಬೇಡವಾದದ್ದೆಲ್ಲ ನಮ್ಮ ಕಿಟಕಿಗೆ ಬಂದು ಸೇರುತ್ತದೆ.

ಇನ್ನು ಹವಾಲ್ದಾರ. ಕಂದು ಬಣ್ಣದ, ಯಾವ ಜಾತಿಯೆಂದು ಯಾರಿಗೂ ಹೇಳಲಾಗದ, ದೊಡ್ಡ ತಲೆಯ ನಾಯಿ. ಬಾಗಿಲಿಗೆ ಅಡ್ಡ ಮಲಗುತ್ತಾನಾದ್ದರಿಂದ ಆ ಹೆಸರು. ಕಳ್ಳ ಬಂದರೆ ದಾಟಿಕೊಂಡು ಹೋಗಬಹುದು, ಬಾಲ ಮಾತ್ರ ತುಳಿಯಬಾರದು.

ಈ ಹವಾಲ್ದಾರನಿಗೆ ಮೈಕೆರೆತ ಹಿಡಿಯಿತು. ಚರ್ಮ ಒಣಗಿ, ಕೂತಲ್ಲೆಲ್ಲ ಹಿಟ್ಟು ಉದುರಿಸಿದ ಹಾಗೆ ಹೊಟ್ಟು ಬೀಳತೊಡಗಿತು. ಹೊಟ್ಟೆಯ ಹತ್ತಿರ, ಬಾಲದ ಬುಡದಲ್ಲಿ ಕೂದಲು ಉದುರಿ ಚರ್ಮ ಕೆಂಪಾಯಿತು. ಕೂತರೂ ಕೆರೆತ, ನಿಂತರೂ ಕೆರೆತ. ಹಿಂಗಾಲಿನಿಂದ ಕೆರೆದುಕೊಳ್ಳುವಾಗ ಆ ಕಾಲು ನೆಲಕ್ಕೆ ಬಡಿದು ಢಬಢಬ ಎಂದು ಇಡೀ ಹಾಲ್ ಸದ್ದು ಮಾಡುತ್ತಿತ್ತು. ನಮ್ಮ ಹಾಲ್‌ಗೆ ಸರಿಯಾಗಿ ಕೆಳಗೆ ವಾಚ್ ರಿಪೇರಿಯವರ ಮನೆ. ಅಂಗಡಿ ಮುಚ್ಚಿದ ಮೇಲೆ ಅವರು ಮನೆಯಲ್ಲೇ ಮೇಜು ಹಾಕಿಕೊಂಡು ಕೆಲಸ ಮಾಡುತ್ತಿದ್ದರು. ಮೇಲೆ ನಾಯಿ ಕಾಲು ಬಡಿದರೆ ಕೆಳಗೆ ಅವರ ಕೈ ನಡುಗಿ ಸ್ಕ್ರೂ ಹಾರಿಹೋಗುತ್ತಿತ್ತು.

ಒಂದು ದಿನ ಅವರೇ ಮೆಟ್ಟಿಲು ಹತ್ತಿ ಬಂದು, ಬರಿಗೈ ಚಾಚಿ ತೋರಿಸಿದರು. "ಇಲ್ಲಿ ಒಂದು ಸ್ಕ್ರೂ ಇತ್ತು," ಎಂದರು. ಅಷ್ಟೇ. ಮತ್ತೆ ಇಳಿದು ಹೋದರು. ಕೂಗಾಡಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ. ಆ ಖಾಲಿ ಅಂಗೈ ಕಂಡು ಮೆಲ್ಲಗೆ ಬಾಗಿಲು ಹಾಕಿಕೊಂಡೆ.

ಅವರು ಸಂಘಕ್ಕೆ ದೂರು ಕೊಟ್ಟರು. ನಮ್ಮ ಕಟ್ಟಡದ ಸಂಘದ ಕಾರ್ಯದರ್ಶಿಗಳು ನೋಟೀಸು ಓದುವ ಧಾಟಿಯಲ್ಲೇ ಮಾತಾಡುವವರು, "ಊಟ ಆಯ್ತಾ" ಎನ್ನುವುದನ್ನೂ ಹಾಗೆಯೇ ಕೇಳುತ್ತಾರೆ. ಅವರು ಬಂದು, ಸದರಿ ನಾಯಿಗೆ ಅಂಟುರೋಗವಿದೆಯೆಂದು ಕೆಲವರಿಗೆ ಭಯವಿದೆ, ಮುಂದಿನ ಸಭೆಯೊಳಗೆ ಸದರಿ ನಾಯಿ ವಾಸಿಯಾಗಬೇಕು, ಇಲ್ಲವೇ ಕಟ್ಟಡ ಬಿಡಬೇಕು ಎಂದು ತಿಳಿಸಿದರು. ಇವರ ಅಕ್ಕನಿಗೆ ಊರಾಚೆ ಒಂದು ಗೋದಾಮಿದೆ. ಸುದ್ದಿ ಹೇಗೋ ಅಲ್ಲಿಗೂ ಮುಟ್ಟಿ, ಅತ್ತಿಗೆ ಫೋನು ಮಾಡಿ ಗೇಟಿನ ಹತ್ತಿರ ಜಾಗ ಇದೆ, ಸರಪಳಿಯೂ ತಂದಿಟ್ಟಿದ್ದೀನಿ ಎಂದರು.

ಇವರು ಫೋನು ಇಟ್ಟು ನಾಯಿಯ ಪಕ್ಕ ನೆಲದ ಮೇಲೆ ಕೂತರು. ಇವರು ಮಾತಾಡದೆ ಕೂತರೆ ಮನೆಗೆ ಮನೆಯೇ ಬಿಕೋ ಎನ್ನುತ್ತದೆ. ಮದುವೆಯಾದಾಗಿನಿಂದ ಇವರ ಮಾತನ್ನು ಕೊನೆಯ ತನಕ ಕೇಳಿದ ಜೀವ ಎಂದರೆ ಆ ನಾಯಿಯೊಂದೇ. ನಾನೂ ಸೇರಿದಂತೆ ಉಳಿದವರೆಲ್ಲ ಮಧ್ಯದಲ್ಲಿ ಎದ್ದು ಹೋದವರೇ. ಅದನ್ನು ಸರಪಳಿಗೆ ಕಟ್ಟಿ ಬರುವುದು ನನ್ನಿಂದಲೂ ಆಗುವ ಮಾತಾಗಿರಲಿಲ್ಲ.

ಮಾರನೆಯ ದಿನವೇ ನಾಯಿ ಡಾಕ್ಟರಮ್ಮನ ಹತ್ತಿರ ಹೋದೆವು. ಆಕೆ ಕೂದಲನ್ನು ಎಳೆ ಎಳೆಯಾಗಿ ಬಿಡಿಸಿ ನೋಡಿ, ಚರ್ಮವನ್ನು ಸ್ವಲ್ಪ ಕೆರೆದು ಸೂಕ್ಷ್ಮದರ್ಶಕದ ಕೆಳಗಿಟ್ಟು ಪರೀಕ್ಷಿಸಿದರು. ಚಿಗಟವಿಲ್ಲ, ಕಜ್ಜಿಯ ಹುಳುವಿಲ್ಲ, ಯಾರಿಗೂ ಅಂಟುವಂಥದ್ದಲ್ಲ ಎಂದರು. ಇವರು ಫೋನಿನಲ್ಲಿ ಚರ್ಮರೋಗದ ಬಗ್ಗೆ ಒಂದು ಲೇಖನವನ್ನು ಅರ್ಧ ಓದಿಕೊಂಡು ಬಂದಿದ್ದರು. ಆ ಅರ್ಧವನ್ನು ಪೂರ್ತಿಯಾಗಿ ಒಪ್ಪಿಸಿದರು. ಡಾಕ್ಟರಮ್ಮ ಕೇಳಿಸಿಕೊಂಡು, ನಾಯಿ ಏನು ತಿನ್ನುತ್ತದೆ ಎಂದು ವಿಚಾರಿಸಿದರು. ಕೋಳಿ, ಅನ್ನ, ಒಂದೊಂದು ಸಲ ಬ್ರೆಡ್ಡು ಎಂದು ನಾನು ಹೇಳಿದೆ.

"ಹೊರಗಿನವರು ಯಾರಾದ್ರೂ ಏನಾದ್ರೂ ಕೊಡ್ತಾರಾ?"

ಇವರು ನಕ್ಕರು. ಬೇರೆಯವರ ಕೈ, ಮುಖ ತಿರುಗಿಸುವುದು, ತರಬೇತಿ, ಎಲ್ಲವೂ ಆಯಿತು.

ಡಾಕ್ಟರಮ್ಮನಿಗೆ ತಿನ್ನುವ ವಸ್ತುವಿನ ಮೇಲೇ ಅನುಮಾನ. ಯಾವುದೋ ಒಂದು ಇವನ ಮೈಗೆ ಒಗ್ಗುತ್ತಿಲ್ಲ, ಅದು ಯಾವುದೆಂದು ಹಿಡಿಯಬೇಕು. ಅದಕ್ಕೆ ಎರಡು ತಿಂಗಳು ಪಥ್ಯ. ಇವನು ಹುಟ್ಟಿದಾಗಿನಿಂದ ಮೀನು ತಿಂದಿಲ್ಲ, ಆದ್ದರಿಂದ ಒಂದೇ ಜಾತಿಯ ಮೀನು, ಬೇಯಿಸಿದ ಗೆಣಸು, ಜೊತೆಗೆ ತಾವು ಕೊಡುವ ಪುಡಿ ಮತ್ತು ಮೀನೆಣ್ಣೆ. ಬೇರೆ ಏನೂ ಇಲ್ಲ. ಕೆರೆತ ನಿಂತ ಮೇಲೆ ಹಳೆಯದನ್ನೆಲ್ಲ ಒಂದೊಂದಾಗಿ ಕೊಟ್ಟು ನೋಡುವುದು, ಕಳ್ಳ ಸಿಗುತ್ತಾನೆ. ಸೋಪು ಹಾಕಿ ದಿನಾ ತಿಕ್ಕಬೇಡಿ, ಚರ್ಮ ಇನ್ನೂ ಒಣಗುತ್ತದೆ ಎಂದೂ ಹೇಳಿದರು. ಕೊನೆಗೆ ಇವರ ಮುಖ ನೋಡಿ, "ಒಂದು ಚೂರು ಬೇರೆ ಏನಾದ್ರೂ ಬಾಯಿಗೆ ಬಿದ್ರೆ ಮೊದಲಿಂದ ಶುರು, ನೆನಪಿರಲಿ," ಎಂದರು.

ಆ ಮಾತು ಇವರ ತಲೆಗೆ ಹೊಕ್ಕಿತು. ಇವರ ತಲೆಗೆ ಏನಾದರೂ ಹೊಕ್ಕರೆ ಅದು ನನ್ನ ಅಡುಗೆಮನೆಯಲ್ಲಿ ಬಂದು ಹೊರಬೀಳುತ್ತದೆ. ಮನೆಯಲ್ಲಿ ಬೇರೆ ಅಡುಗೆ ಇದ್ದರಲ್ಲವೇ ಚೂರು ಬೀಳುವುದು? ಬೇರೆ ಅಡುಗೆಯೇ ಇಲ್ಲದಿದ್ದರೆ ಬೀಳುವುದೆಲ್ಲಿಂದ? ಆದ್ದರಿಂದ ಇಂದಿನಿಂದ ಮನೆಯವರಿಗೆಲ್ಲ ಮೀನು ಮತ್ತು ಗೆಣಸು. ಉಪ್ಪಿಲ್ಲ, ಖಾರವಿಲ್ಲ, ಎಣ್ಣೆಯಿಲ್ಲ. ಡಬ್ಬಿಗಳೆಲ್ಲ ಅಟ್ಟ ಸೇರಿದವು. ನಾಯಿಗೆ ಒಂದು ತಟ್ಟೆ, ನಮಗೆ ಎರಡು ತಟ್ಟೆ, ಮೂರರಲ್ಲೂ ಅದೇ. ನಾಯಿ ಮಾತ್ರ ಚಪ್ಪರಿಸಿ ತಿಂದಿತು.

ನಾನು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೂತು ಬಂದವರ ಹೆಸರು ಕರೆಯುವವಳು. ಮಧ್ಯಾಹ್ನ ಪಕ್ಕದ ಹೋಟೆಲಿನಲ್ಲಿ ಹೊಟ್ಟೆ ತುಂಬ ತಿಂದು, ಬಾಯಿ ಮುಕ್ಕಳಿಸಿ ಮನೆಗೆ ಬರುತ್ತಿದ್ದೆ. ಅದರ ಬಗ್ಗೆ ನನಗೆ ಎಳ್ಳಷ್ಟೂ ನಾಚಿಕೆಯಿಲ್ಲ. ಇವರು ಮಾತ್ರ ವ್ರತ ಹಿಡಿದವರಂತೆ ಅದನ್ನೇ ತಿಂದು ಸೊರಗಿದರು. ಬೆಲ್ಟಿಗೆ ಹೊಸ ತೂತು ಬಿತ್ತು. ಕೆನ್ನೆ ಒಳಗೆ ಹೋಯಿತು. ಅದೇ ಹೊತ್ತಿಗೆ ಪರದೆ ಅಂಗಡಿಯಲ್ಲಿ ನೆಲ ಅಗೆದು ಹೊಸ ಕಲ್ಲು ಹಾಸುವ ಕೆಲಸ ಶುರುವಾಗಿ, ಇವರಿಗೆ ಒಂದಷ್ಟು ದಿನ ರಜೆ ಸಿಕ್ಕಿತು. ಕೆಲಸದ ಹೊತ್ತಿನಲ್ಲಿ ಬನಿಯನ್ ಹಾಕಿಕೊಂಡು ಬಾಲ್ಕನಿಯಲ್ಲಿ ನಿಂತು, ರಸ್ತೆ ನೋಡುತ್ತ, ನಾಯಿಯ ಬೆನ್ನು ನೇವರಿಸುತ್ತಿದ್ದರು.

ಅಷ್ಟು ಸಾಕಲ್ಲವೇ ಜನಕ್ಕೆ? ಆದರೂ ಬೆಂಕಿಗೆ ತುಪ್ಪ ಸುರಿದವರು ಇವರೇ. ತರಕಾರಿ ಅಂಗಡಿಯವನು ಏನು ಸಾರ್, ದಿನಾ ಬರೀ ಗೆಣಸು ಎಂದು ಕೇಳಿದ್ದಕ್ಕೆ, ನಿಟ್ಟುಸಿರು ಬಿಟ್ಟು, "ಏನು ಮಾಡೋದಪ್ಪಾ, ಇನ್ನೆರಡು ತಿಂಗಳು ಮನೆಯಲ್ಲಿ ಎಲ್ಲರಿಗೂ ಇದೇ. ಬೇರೆ ಏನೂ ತಗೊಳ್ಳೋ ಹಾಗಿಲ್ಲ. ಆಮೇಲೆ ದೇವರಿಟ್ಟ ಹಾಗೆ," ಎಂದರಂತೆ. ಹಿಂದೆಯೇ ಟೊಮೇಟೊ ಆರಿಸುತ್ತ ನಿಂತಿದ್ದವರು ಕಾರ್ಯದರ್ಶಿಗಳ ಮನೆಯಾಕೆ.

ಕಾರ್ಯದರ್ಶಿಗಳು ಒಂದು ವಿಷಯವನ್ನು ತಿಳಿಸಬೇಕಾದರೆ ಗೋಡೆಗೆ ಅಂಟಿಸಬೇಕು. ಆಕೆಗೆ ಗೋಡೆ ಬೇಕಿಲ್ಲ. ಸಂಜೆಯೊಳಗೆ ಇಡೀ ಕಟ್ಟಡಕ್ಕೆ ಗೊತ್ತಾಗಿತ್ತು: ಪರದೆ ಅಂಗಡಿಯವರ ಕೆಲಸ ಹೋಗಿದೆ, ಮನೆಯಲ್ಲಿ ಗೆಣಸು ಬೇಯಿಸಿಕೊಂಡು ತಿನ್ನುತ್ತಿದ್ದಾರೆ, ಉಪ್ಪಿಗೂ ಗತಿಯಿಲ್ಲ. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಆಗ ನನಗೆ ಕಂಡದ್ದು ಇಷ್ಟೇ, ಲಿಫ್ಟಿನಲ್ಲಿ ಸಿಕ್ಕವರೆಲ್ಲ ನನ್ನ ಮುಖ ನೋಡಿ ಕಣ್ಣು ತಗ್ಗಿಸುತ್ತಿದ್ದರು. ನಾಯಿಯಿಂದಾಗಿ ಮರ್ಯಾದೆ ಹೋಯಿತು ಎಂದುಕೊಂಡೆ.

ಒಂದು ಸಂಜೆ ಬಾಗಿಲು ತೆಗೆದರೆ ಹೊಸ್ತಿಲಲ್ಲಿ ಒಂದು ಬ್ರೆಡ್ಡಿನ ಪೊಟ್ಟಣ. ಮರುದಿನ ಮುಚ್ಚಳದ ಪಾತ್ರೆಯಲ್ಲಿ ಬಿಸಿಬಿಸಿ ಕೋಳಿ ಸೂಪು. ನನಗೆ ಬಾಯಲ್ಲಿ ನೀರೂರಿತು. ಇವರಿಗೆ ಕಣ್ಣಲ್ಲಿ ಕಿಡಿ ಹಾರಿತು. "ಪಿತೂರಿ ಕಣೇ ಇದು. ಪಥ್ಯ ಕೆಡಿಸಿ ನಾಯೀನ ಓಡಿಸಬೇಕು ಅಂತ ಯಾರೋ ಕಾಯ್ತಿದ್ದಾರೆ," ಎಂದು ಪಾತ್ರೆಯನ್ನು ಎತ್ತಿಕೊಂಡು ಮನೆಮನೆಯ ಗಂಟೆ ಒತ್ತಿದರು. ಕಾರ್ಯದರ್ಶಿಗಳ ಬಾಗಿಲಲ್ಲಿ ಆಕೆಯೇ ಸಿಕ್ಕರು.

"ಅಮ್ಮಾ, ನಮ್ಮ ಬಾಗಿಲಲ್ಲಿ ತಿನ್ನೋ ವಸ್ತು ಇಡಬೇಡಿ ಅಂತ ಎಲ್ಲರಿಗೂ ಹೇಳಿಬಿಡಿ. ನಾವು ಕಷ್ಟಪಟ್ಟು ಒಂದು ದಾರಿ ಹಿಡಿದಿದ್ದೀವಿ. ಇದೇ ದಾರೀಲಿ ಪಾರಾಗ್ತೀವಿ. ಯಾರ ಸೂಪೂ ಬೇಡ."

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ತಮ್ಮದೇ ಪಾತ್ರೆಯನ್ನು ಒಳಗೆ ತೆಗೆದುಕೊಂಡರಂತೆ. ಎಂಥ ಸ್ವಾಭಿಮಾನಿ, ಹೊಟ್ಟೆಗಿಲ್ಲದಿದ್ದರೂ ತಲೆ ತಗ್ಗಿಸಲಿಲ್ಲ ಎಂದು ಆ ರಾತ್ರಿಯ ಸುದ್ದಿ. ಇಂಥವರಿಗೆ ಅನ್ನ ಕೊಟ್ಟು ಅವಮಾನ ಮಾಡುವ ಹಾಗಿಲ್ಲ. ಆದರೆ ಪಾಪ, ಬಾಯಿಲ್ಲದ ಪ್ರಾಣಿ ಏನು ಮಾಡಿತ್ತು? ಅದಕ್ಕಾದರೂ ಒಂದು ತುತ್ತು ಹಾಕಬಾರದೇ?

ಹವಾಲ್ದಾರ ಬೆಳಿಗ್ಗೆ ತಾನೇ ಮೆಟ್ಟಿಲಿಳಿದು ಅಂಗಳಕ್ಕೆ ಹೋಗಿ, ತನ್ನ ಕೆಲಸ ಮುಗಿಸಿ ಬರುವವನು. ಈಚೆಗೆ ಬರುವುದು ತಡವಾಗುತ್ತಿತ್ತು. ಗಸ್ತು ತಿರುಗುತ್ತಾನೆ, ಜವಾಬ್ದಾರಿ ಜಾಸ್ತಿಯಾಗಿದೆ ಎಂದು ಇವರು ಮೆಚ್ಚಿಕೊಂಡರು. ಕೆರೆತವೂ ಜಾಸ್ತಿಯಾಗಿತ್ತು. ಢಬಢಬ ಸದ್ದು ಬೆಳಗಿನಿಂದಲೇ ಶುರು. ಒಂದು ಸಂಜೆ ಇವರು ನಾಯಿಯ ಬಾಯಿ ಮೂಸಿ ನೋಡಿದರು. ಬೆಣ್ಣೆಯ ವಾಸನೆ. ನನಗೂ ಮೂಸಲು ಹೇಳಿದರು. ನಾನು ಒಲ್ಲೆ ಎಂದು ಬಚ್ಚಲಿಗೆ ಹೋದೆ. ಹಾಲಿನಲ್ಲಿ ವಿಚಾರಣೆ ಶುರುವಾಯಿತು.

"ನಿಜ ಹೇಳು, ಯಾರ ಮನೇಲಿ ತಿಂದೆ? ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳು. ನಾನು ಉಪವಾಸ ಬಿದ್ದು ಸಾಯ್ತಿದ್ದೀನಿ, ನೀನು ಕದ್ದು ತಿಂತೀಯಾ? ಹೀಗೇ ಮಾಡಿದ್ರೆ ಅಕ್ಕನ ಮನೆಗೆ ಕಳಿಸಿ ಸರಪಳಿ ಹಾಕಿಸ್ತೀನಿ ನೋಡು," ಎಂದು ಹೇಳುತ್ತ ಹೇಳುತ್ತ, ಕೊನೆಗೆ "ನಿನ್ನ ಬಿಟ್ಟು ನಾನು ಹೇಗಿರಲಿ ಹೇಳು," ಎಂದು ಬಿಕ್ಕಿದರು.

ಗೋಡೆಯ ಆಚೆ ಬಸ್ ಡ್ರೈವರಿನ ಮನೆ. ಅಲ್ಲಿಗೆ ಮಾತು ಕೇಳಿಸುತ್ತದೆ, ಆಡಿದ್ದು ಯಾರಿಗೆ ಎಂಬುದು ಕಾಣಿಸುವುದಿಲ್ಲ. ಒರಟು ಮೀಸೆ, ಮೆದು ಮನಸ್ಸು. ಮರುದಿನ ಬೆಳಿಗ್ಗೆ ಅವರು ಮೆಟ್ಟಿಲ ಮೇಲೆ ನನಗಾಗಿ ಕಾದು ನಿಂತಿದ್ದರು. ನನ್ನ ಮುಖ ನೋಡದೆ ತಮ್ಮ ಊಟದ ಡಬ್ಬಿಯನ್ನು ನನ್ನ ಕೈಯಲ್ಲಿಟ್ಟು, "ತಗೊಳ್ಳಿ ಅಕ್ಕಾ. ಅಣ್ಣನಿಗೆ ಹೇಳಬೇಡಿ. ಸರಪಳಿ ಗಿರಪಳಿ ಅಂದ್ರೆ ಗೋಡೆ ತಟ್ಟಿ, ನಾನಿದ್ದೀನಿ," ಎಂದು ದಡದಡ ಇಳಿದು ಹೋದರು.

ನನಗೆ ತಲೆಬುಡ ಅರ್ಥವಾಗಲಿಲ್ಲ. ಆದರೆ ಡಬ್ಬಿ ಬೆಚ್ಚಗಿತ್ತು, ಹಿಂದಿನ ರಾತ್ರಿ ನಾನು ತಿಂದದ್ದು ಗೆಣಸು. ಕ್ಲಿನಿಕ್ಕಿಗೆ ಹೋಗಿ ತಿಂದು, ಡಬ್ಬಿ ತೊಳೆದು ಅವರ ಬಾಗಿಲಲ್ಲಿಟ್ಟು ಬಂದೆ. ಅದನ್ನು ನೆಕ್ಕಿದ ಹಾಗೆ ಖಾಲಿ ಮಾಡಿದ್ದಾಳೆ ಪಾಪ ಎಂಬುದು ಮುಂದಿನ ಸುದ್ದಿಯಾಯಿತು.

ಕಾರ್ಯದರ್ಶಿಗಳು ಒಮ್ಮೆ ಖುದ್ದಾಗಿ ಬಂದು, ಕಟ್ಟಡದ ನೀರಿನ ಪಂಪು ನೋಡಿಕೊಳ್ಳುವ ಹುದ್ದೆ ಖಾಲಿಯಿದೆ, ತಾವು ಸ್ವೀಕರಿಸಬೇಕು ಎಂದರು. ಇವರಿಗೆ ಅದು ತಮ್ಮ ಬುದ್ಧಿವಂತಿಕೆಗೆ ಸಂದ ಗೌರವವಾಗಿ ಕಂಡಿತು. ಸದ್ಯಕ್ಕೆ ನಾನು ಬೇರೊಂದರಲ್ಲಿ ಮುಳುಗಿಹೋಗಿದ್ದೀನಿ, ಮೇಲೆ ಬಂದ ಮೇಲೆ ನೋಡೋಣ ಎಂದು ವಿನಯದಿಂದ ಕಳುಹಿಸಿದರು. ಮುಳುಗಿಹೋಗಿದ್ದೀನಿ ಎಂಬ ಮಾತನ್ನು ಕಾರ್ಯದರ್ಶಿಗಳು ಹೇಗೆ ತೆಗೆದುಕೊಂಡಿರಬಹುದೆಂದು ನೀವೇ ಊಹಿಸಿಕೊಳ್ಳಿ.

ಸಭೆಗೆ ಸ್ವಲ್ಪ ಮುಂಚೆ ಮತ್ತೆ ಡಾಕ್ಟರಮ್ಮನ ಹತ್ತಿರ ಹೋದೆವು. ಆಕೆ ನಾಯಿಯನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಮುಳ್ಳು ನೋಡಿ, ಇಳಿಸಿ, ಮತ್ತೆ ನಿಲ್ಲಿಸಿದರು. ಪಥ್ಯದಲ್ಲಿದ್ದ ನಾಯಿ ದಪ್ಪಗಾಗಿತ್ತು. ಪಕ್ಕದಲ್ಲಿ ಇವರು ಪ್ಯಾಂಟು ಹಿಡಿದುಕೊಂಡು ನಿಂತಿದ್ದರು. ಒಳ್ಳೆಯ ಆಹಾರ ಡಾಕ್ಟ್ರೇ, ಮೈಗೆ ಹತ್ತಿದೆ ಎಂದರು. ಡಾಕ್ಟರಮ್ಮ ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಬೆಕ್ಕಿನ ಚಿತ್ರ ನೋಡಿದೆ. ಯಾರೋ ಕೊಡುತ್ತಿದ್ದಾರೆ, ಪತ್ತೆ ಮಾಡಿ, ಇಲ್ಲದಿದ್ದರೆ ಇದು ವಾಸಿಯಾಗುವುದಲ್ಲ ಎಂದು ಆಕೆ ಸ್ಪಷ್ಟವಾಗಿಯೇ ಹೇಳಿದರು. ಇವರು ಇಡೀ ದಾರಿ ತರಬೇತಿಯ ಮೇಲೆ ಆಣೆ ಹಾಕುತ್ತ ಬಂದರು. ಮನೆ ಹತ್ತಿರವಾದ ಹಾಗೆ ದನಿ ಸಣ್ಣಗಾಯಿತು. ವಾಸಿಯಾಗದಿದ್ದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು.

ಸಭೆ ಕೆಳಗಿನ ಅಂತಸ್ತಿನ ಹಾಲಿನಲ್ಲಿ. ಇವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹವಾಲ್ದಾರನ ಕುತ್ತಿಗೆಗೆ ಹಗ್ಗ ಹಾಕಿ ಪಕ್ಕದಲ್ಲೇ ಕೂರಿಸಿಕೊಂಡರು. ಬೈಗುಳ ಬಂದರೆ ಒಟ್ಟಿಗೇ ತಿನ್ನೋಣ ಎಂದು ನಾನೂ ಇನ್ನೊಂದು ಪಕ್ಕ ಕೂತೆ. ಕಾರ್ಯದರ್ಶಿಗಳು ಎದ್ದು ಗಂಟಲು ಸರಿಮಾಡಿಕೊಂಡರು. ನಮ್ಮಲ್ಲಿ ಒಂದು ಕುಟುಂಬಕ್ಕೆ ದುರದೃಷ್ಟವಶಾತ್ ಒದಗಿರುವ ಪರಿಸ್ಥಿತಿ ಎಲ್ಲರಿಗೂ ತಿಳಿದದ್ದೇ, ಹೆಸರು ಹೇಳುವುದು ಸೌಜನ್ಯವಲ್ಲ ಎಂದರು. ಎಲ್ಲರೂ ನೆಲ ನೋಡಿದರು.

ಇವರು ಥಟ್ಟನೆ ಎದ್ದು ನಿಂತರು. "ಹೆಸರು ಹೇಳಿ ಪರವಾಗಿಲ್ಲ, ನಾವೇ. ನಿಮಗೆಲ್ಲ ತೊಂದರೆ ಆಗಿದೆ, ಗೊತ್ತು. ಇನ್ನು ಸ್ವಲ್ಪ ದಿನ ಸಹಿಸ್ಕೊಳ್ಳಿ ಅಂತ ಕೈಮುಗಿದು ಕೇಳ್ಕೋತೀನಿ. ಮನೆಯಿಂದ ಹೊರಗೆ ಮಾತ್ರ ಹಾಕಬೇಡಿ."

ಕಾರ್ಯದರ್ಶಿಗಳ ಮನೆಯಾಕೆ ಅತ್ತೇಬಿಟ್ಟರು. ಬಸ್ ಡ್ರೈವರ್ ಎದ್ದು ಬಂದು ಇವರನ್ನು ಅಪ್ಪಿಕೊಂಡರು. ಹೊರಗೆ ಹಾಕುವ ಮಾತೇ ಇಲ್ಲ, ಈ ಕಟ್ಟಡದಲ್ಲಿ ಮನುಷ್ಯರೇ ಇರುವುದು ಎಂದು ಹಿಂದಿನಿಂದ ಯಾರೋ ಹೇಳಿದರು. ಇವರು ಬೆಪ್ಪಾದರು. ನನ್ನ ಕಡೆ ತಿರುಗಿ, ನೋಡಿದೆಯಾ ನನ್ನ ಮಾತಿನ ಪ್ರಭಾವ ಎಂಬಂತೆ ಹುಬ್ಬು ಹಾರಿಸಿದರು.

ಆಗ ಕಾರ್ಯದರ್ಶಿಗಳು ಮುಂದುವರಿದು, ಸದರಿ ಕುಟುಂಬಕ್ಕೆ ದಿನಕ್ಕೊಂದು ಮನೆಯಿಂದ ಊಟ ಕಳುಹಿಸುವುದೆಂದು ತೀರ್ಮಾನವಾಗಿದೆ, ಸೋಮವಾರ ತಮ್ಮ ಮನೆಯಿಂದ ಕೋಳಿ ಸೂಪು, ಬೆಣ್ಣೆ ಹಚ್ಚಿದ ಬ್ರೆಡ್ಡು ಎಂದರು.

"ಕೋಳೀನಾ?" ಇವರ ದನಿ ಕೀಚಲಾಯಿತು. "ಕೋಳಿ ಮುಟ್ಟಿದ್ರೆ ಎಲ್ಲಾ ಮೊದಲಿಂದ ಶುರು ಮಾಡಬೇಕು. ಬೆಣ್ಣೆ ಅಂತೂ ಬೇಡವೇ ಬೇಡ. ಈಗಲೇ ಮೈಯೆಲ್ಲ ಕೆರ್ಕೊಂಡು ಕೆಂಪಾಗಿದೆ, ಬಾಲದ ಹತ್ತಿರ ಕೂದಲೇ ಇಲ್ಲ."

ಬಸ್ ಡ್ರೈವರ್ ಅಪ್ಪಿಕೊಂಡಿದ್ದ ಕೈಯನ್ನು ಮೆಲ್ಲಗೆ ತೆಗೆದರು. ನನಗೆ ಅಷ್ಟು ಹೊತ್ತಿಗೆ ಡಬ್ಬಿ, ಕಣ್ಣು ತಗ್ಗಿಸಿದ್ದು, ಪಂಪಿನ ಹುದ್ದೆ ಎಲ್ಲ ಒಟ್ಟಿಗೆ ಬೆಳಕಿಗೆ ಬಂದು, ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕು, ಆಮೇಲೆ ಎದ್ದು, ಇವರ ಕೆಲಸ ಹೋಗಿಲ್ಲ, ನೆಲ ಒಣಗಿದ ಕೂಡಲೇ ಅಂಗಡಿ ತೆರೆಯುತ್ತದೆ, ಗೆಣಸು ತಿನ್ನಬೇಕಾದವನು ಇವನು, ಇವನ ಹೆಸರಲ್ಲಿ ನಾವು ಎಂದು ಮೊದಲಿನಿಂದ ಕೊನೆಯ ತನಕ ಹೇಳಿದೆ. ಪಥ್ಯವೆಂದರೇನು, ಒಂದು ಚೂರು ಬಿದ್ದರೂ ಏನಾಗುತ್ತದೆ, ಎಲ್ಲ ಹೇಳಿದೆ. ಮೊದಲು ನಕ್ಕವರು ಆಮೇಲೆ ಒಬ್ಬೊಬ್ಬರಾಗಿ ನಾಯಿಯ ಕಡೆ ನೋಡತೊಡಗಿದರು.

"ಆದರೆ ಯಾರೋ ಕೊಡ್ತಿದ್ದಾರೆ ಅಂತ ಡಾಕ್ಟರಮ್ಮ ಹೇಳ್ತಾರೆ," ಎಂದೆ.

"ಸಾಧ್ಯವೇ ಇಲ್ಲ. ನಮ್ಮ ಹವಾಲ್ದಾರ ಬೇರೆಯವರ ಕೈಯಿಂದ..." ಎಂದು ಇವರು ಶುರುಮಾಡುವಷ್ಟರಲ್ಲಿ ಕಾರ್ಯದರ್ಶಿಗಳ ಮನೆಯಾಕೆ ನಿಧಾನವಾಗಿ ಕೈಯೆತ್ತಿದರು.

"ಬೇರೆಯವರ ಕೈಯಿಂದ ತಿನ್ನಲ್ಲ, ನಿಜ," ಎಂದರು. "ನನ್ನ ಕೈಯಿಂದ ಮಾತ್ರ ತಿಂತಾನೆ. ಅದಕ್ಕೇ ಯಾರಿಗೂ ಹೇಳಿರಲಿಲ್ಲ. ನಿಮಗೆ ಬೇಜಾರಾಗತ್ತೆ ಅಂತ."

"ಏನಂದ್ರಿ?" ಬಸ್ ಡ್ರೈವರಿನ ಮೀಸೆ ನೆಟ್ಟಗಾಯಿತು. ಅವನು ತಿನ್ನುವುದು ತಮ್ಮ ಕೈಯಿಂದ ಮಾತ್ರ, ಬೆಳಿಗ್ಗೆ ಡ್ಯೂಟಿಗೆ ಹೊರಡುವಾಗ ಬ್ರೆಡ್ಡು, ಅದೂ ಬೆಣ್ಣೆ ಹಚ್ಚಿ, ಇಷ್ಟು ವರ್ಷದಿಂದ ಎಂದರು. ಮೂರನೆಯ ಅಂತಸ್ತಿನಿಂದ ಇನ್ನೊಬ್ಬರು ಎದ್ದರು. ಅವರದು ಚೀಸು. ಅವರ ಕೈಯಿಂದ ಮಾತ್ರ. ಕೊನೆಗೆ ಕಾರ್ಯದರ್ಶಿಗಳು ಕನ್ನಡಕ ತೆಗೆದು ಒರೆಸುತ್ತ, ತಮ್ಮ ಹುದ್ದೆಗೆ ಶೋಭಿಸದ ದನಿಯಲ್ಲಿ, ಹೆಂಡತಿ ಸ್ನಾನಕ್ಕೆ ಹೋದಾಗ ಸದರಿ ನಾಯಿಗೆ ಎರಡು ಬಿಸ್ಕತ್ತು ತಾವೂ ಕೊಡುವುದುಂಟು, ತಮ್ಮ ಕೈಯಿಂದ ಮಾತ್ರ ತಿನ್ನುತ್ತದೆಂದು ಭಾವಿಸಿದ್ದಾಗಿ ತಿಳಿಸಿದರು. ಆಕೆ ಗಂಡನನ್ನು ನೋಡಿದ ನೋಟ ನಾಯಿಯದೇ ತಪ್ಪು ಎಂಬಂತಿರಲಿಲ್ಲ.

ಇಡೀ ಸಭೆಗೆ ಮೋಸವಾಗಿತ್ತು. ಇವರ ಹೆಮ್ಮೆಯ ಮಾತನ್ನು ಇಷ್ಟು ವರ್ಷ ಎಲ್ಲರೂ ನಂಬಿದ್ದರು, ನಂಬಿದ್ದರಿಂದಲೇ ತನ್ನೊಬ್ಬನನ್ನು ಆ ನಾಯಿ ವಿಶೇಷವಾಗಿ ಆರಿಸಿಕೊಂಡಿದೆಯೆಂದು ಒಬ್ಬೊಬ್ಬರೂ ಒಳಗೊಳಗೇ ಉಬ್ಬಿದ್ದರು. ಈಗ ಎಲ್ಲರೂ ಹವಾಲ್ದಾರನನ್ನು ದುರುಗುಟ್ಟಿ ನೋಡಿದರು. ಅವನು ಒಬ್ಬೊಬ್ಬರನ್ನೂ ಗುರುತಿಸಿ ಬಾಲ ಅಲ್ಲಾಡಿಸಿದನು. ಇವರು ಕುರ್ಚಿಯಲ್ಲಿ ಕುಸಿದು ಕೂತರು. ನನಗೆ ಅಯ್ಯೋ ಎನಿಸಿತು. ಗೇಲಿ ಮಾಡುವುದನ್ನು ಮನೆಗೆ ಹೋಗುವ ತನಕ ಮುಂದೂಡಿದೆ.

ವಾಚ್ ರಿಪೇರಿಯವರು ಬಾಗಿಲ ಪಕ್ಕ ಕೂತಿದ್ದರು. ದೂರು ಕೊಟ್ಟವರು ಅವರು. ಅವರ ಮಾತಿನ ಮೇಲೆಯೇ ನಾಯಿ ಇರುವುದೋ ಹೋಗುವುದೋ. ಕಾರ್ಯದರ್ಶಿಗಳು ಅವರ ಕಡೆ ತಿರುಗಿದರು. ಅವರು ಎದ್ದು, ಮೊಟ್ಟೆ ಎಂದರು.

ಯಾರಿಗೂ ಅರ್ಥವಾಗಲಿಲ್ಲ.

"ಕೆರೆತ ಶುರುವಾಗೋಕೆ ಮುಂಚಿನಿಂದಲೂ ದಿನಾ ಬೆಳಿಗ್ಗೆ ಒಂದು ಬೇಯಿಸಿದ ಮೊಟ್ಟೆ ಕೊಡ್ತೀನಿ. ಒಣಚರ್ಮಕ್ಕೆ ಮೊಟ್ಟೆ ಒಳ್ಳೇದು ಅಂತ ಯಾರೋ ಹೇಳಿದ್ರು. ಸದ್ದು ಜಾಸ್ತಿ ಆದಾಗ ಎರಡು ಮಾಡಿದೆ. ಮತ್ತೂ ಜಾಸ್ತಿ ಆಯ್ತು, ಮೂರು ಮಾಡಿದೆ." ಕೂರಲು ಹೋಗಿ, ಮತ್ತೆ ನಿಂತು ಸೇರಿಸಿದರು: "ನಾಯಿ ಹೋಗಲಿ ಅಂತ ನಾನು ದೂರು ಕೊಟ್ಟಿದ್ದಲ್ಲ. ಇವರು ಸರಿಯಾಗಿ ನೋಡ್ಕೊಳ್ಳಲಿ ಅಂತ ಕೊಟ್ಟಿದ್ದು."

ನಾಯಿಗೆ ಇನ್ನೆರಡು ತಿಂಗಳ ಗಡುವು ಸಿಕ್ಕಿತು. ಈ ಸಲ ಪಥ್ಯ ಇಡೀ ಕಟ್ಟಡದ್ದು. ನಮ್ಮ ಅಟ್ಟದ ಡಬ್ಬಿಗಳೆಲ್ಲ ಕೆಳಗಿಳಿದವು. ಅಂದು ರಾತ್ರಿ ಇವರು ಉಪ್ಪು ಹಾಕಿದ ಅನ್ನ ತಿನ್ನುವಾಗ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದೆ, ನೋಡಲಿಲ್ಲವೆಂಬಂತೆ ಇದ್ದೆ. ಊಟವಾದ ಕೂಡಲೇ ಮೇಜಿನ ಕೆಳಗೆ ಗುಡಿಸುವುದು ಇವರ ಕೆಲಸವಾಯಿತು. ಬೆಳಗಿನ ಗಸ್ತು ಬಂದ್, ಇವರೇ ಹಗ್ಗ ಹಿಡಿದು ಕರೆದುಕೊಂಡು ಹೋಗುವುದು. ಮೆಟ್ಟಿಲ ಮೇಲೆ ಯಾರಾದರೂ ಜೇಬಿಗೆ ಕೈ ಹಾಕಿದರೆ ಸಾಕು, ನಾಲ್ಕು ಬಾಗಿಲು ತೆರೆಯುತ್ತಿದ್ದವು. ಬಸ್ ಡ್ರೈವರ್ ಕರವಸ್ತ್ರ ತೆಗೆಯಲು ಹೋಗಿ ಕಾರ್ಯದರ್ಶಿಗಳ ಮನೆಯಾಕೆಯಿಂದ ಬೈಸಿಕೊಂಡರು.

ಮೊದಲು ಏನೂ ಕಾಣಲಿಲ್ಲ. ಇವರು ದಿನಾ ನಾಯಿಯನ್ನು ಬೆಳಕಿಗೆ ನಿಲ್ಲಿಸಿ ಬೆನ್ನು ನೋಡುವುದು, ಮುಖ ಬಾಡಿಸಿಕೊಳ್ಳುವುದು. ಡಾಕ್ಟರಮ್ಮ ತಾಳ್ಮೆಯಿರಲಿ, ಚರ್ಮ ನಿಧಾನವಾಗಿಯೇ ಸುಧಾರಿಸುವುದು ಎಂದಿದ್ದರು. ಬರುಬರುತ್ತ ಸೋಫಾದ ಮೇಲಿನ ಹೊಟ್ಟು ಕಡಿಮೆಯಾಯಿತು. ಒಂದು ಬೆಳಿಗ್ಗೆ ಇವರು ಬಚ್ಚಲಿನ ಬಾಗಿಲು ಬಡಿದು, ಹಲ್ಲುಜ್ಜುತ್ತಿದ್ದ ನನ್ನನ್ನು ಎಳೆದುಕೊಂಡು ಬಂದು, ಬಾಲದ ಬುಡದಲ್ಲಿ ಹೊಸ ಕೂದಲು ತೋರಿಸಿದರು. ತಮ್ಮದೇ ತಲೆಯಲ್ಲಿ ಬಂದಿದ್ದರೂ ಅಷ್ಟು ಸಂತೋಷಪಡುತ್ತಿರಲಿಲ್ಲ. ಮೈ ಮಿರಮಿರ ಮಿಂಚತೊಡಗಿತು. ಮುಂದಿನ ಸಭೆಯಲ್ಲಿ ಅವಿರೋಧವಾಗಿ ನಾಯಿಯ ವಿಷಯವನ್ನು ಕೈಬಿಡಲಾಯಿತು. ಇವರ ಅಕ್ಕನಿಗೆ ಫೋನು ಮಾಡಿ, ಆ ಸರಪಳಿಯನ್ನು ಗೇಟಿಗೇ ಹಾಕಿಕೊಳ್ಳಿ ಎಂದು ನಾನೇ ಹೇಳಿದೆ.

ಉಳಿದದ್ದು ಕಳ್ಳನನ್ನು ಹಿಡಿಯುವ ಕೆಲಸ. ಒಂದೊಂದನ್ನೇ ಕೊಟ್ಟು, ಒಂದಷ್ಟು ದಿನ ಕಾದು ನೋಡಬೇಕು. ಇಲ್ಲಿ ಎಲ್ಲರ ಮಾನದ ಪ್ರಶ್ನೆ ಬಂತು. ಕೋಳಿ ನಿರಪರಾಧಿ ಎಂದು ತಿಳಿದ ದಿನ ಕಾರ್ಯದರ್ಶಿಗಳ ಮನೆಯಾಕೆ, ನಮ್ಮ ಸೂಪಿನಲ್ಲಿ ಏನೂ ಇರಲಿಲ್ಲ ಅಂತ ನಾನು ಅವತ್ತೇ ಹೇಳಿರಲಿಲ್ವಾ ಎಂದು ಇಡೀ ಕಟ್ಟಡ ಸುತ್ತಿ ಬಂದರು. ಆಕೆ ಅವತ್ತು ಹಾಗೇನೂ ಹೇಳಿರಲಿಲ್ಲ. ಬ್ರೆಡ್ಡು ನಿರ್ದೋಷಿ ಎಂದಾದ ದಿನ ಬಸ್ ಡ್ರೈವರ್ ಹಾರ್ನ್ ಹೊಡೆದುಕೊಂಡು ಡ್ಯೂಟಿಗೆ ಹೋದರು. ಅನ್ನ, ಬೆಣ್ಣೆ, ಚೀಸು, ಬಿಸ್ಕತ್ತು ಸಾಲಾಗಿ ಬಿಡುಗಡೆಯಾದವು. ಆಮೇಲೆ ಮೊಟ್ಟೆಯ ಸರದಿ. ಉಳಿದದ್ದು ಅದೊಂದೇ ಎಂದು ಎಲ್ಲರಿಗೂ ಗೊತ್ತಿತ್ತು. ಕೊಡದಿದ್ದರಾಯಿತು, ಪರೀಕ್ಷೆ ಯಾಕೆ ಎಂದು ಇವರೇ ಹೇಳಿದರು. ವಾಚ್ ರಿಪೇರಿಯವರು ಒಪ್ಪಲಿಲ್ಲ. ಗೊತ್ತಾಗಲೇಬೇಕು ಎಂದು ತಾವೇ ಒಂದು ಮೊಟ್ಟೆ ಬೇಯಿಸಿಕೊಂಡು ಮೇಲೆ ಬಂದರು.

ಎರಡು ದಿನ ಏನೂ ಆಗಲಿಲ್ಲ. ಆಮೇಲೆ ಒಂದು ಸಂಜೆ ಹವಾಲ್ದಾರ ಎದ್ದು ಕೂತು, ಹಿಂಗಾಲೆತ್ತಿ ಕೆರೆಯತೊಡಗಿದನು. ಇವರು ಓಡಿಹೋಗಿ ಕಾಲಿನ ಕೆಳಗೆ ದಿಂಬು ಹಾಕಿದರು. ಆದರೆ ಕೆಳಗೆ ಕೇಳಬೇಕಾದದ್ದು ಕೇಳಿಯಾಗಿತ್ತು. ವಾಚ್ ರಿಪೇರಿಯವರು ಬಂದು ಬಾಗಿಲಲ್ಲೇ ನಿಂತರು. ಒಳಗೆ ಬನ್ನಿ ಎಂದರೆ ಬರಲಿಲ್ಲ.

"ನಾನೇ ಅಲ್ವಾ," ಎಂದರು. "ಪಾಪ, ಅದಕ್ಕೆ ಅಷ್ಟು ಹಿಂಸೆ ಕೊಟ್ಟೆ. ಇನ್ನು ಮೇಲೆ ಅವನು ನಮ್ಮ ಬಾಗಿಲಿಗೆ ಬರೋದು ಬೇಡ. ಬಂದ್ರೆ ಏನಾದ್ರೂ ಕೊಡದೆ ಇರೋಕೆ ನನಗೆ ಆಗಲ್ಲ."

ಅವರು ಇಳಿದು ಹೋದ ಮೇಲೆ ಇವರು ದಿಂಬನ್ನು ಸರಿಮಾಡಿ ನಾಯಿಯ ಪಕ್ಕ ಕೂತರು. ನಾನು ಯಾವುದಾದರೊಂದು ಭಾಷಣ ಬರುತ್ತದೆಂದು ಕಾದೆ. ಬರಲಿಲ್ಲ. ಮೊಟ್ಟೆ ನಿಂತಿತು, ಕೆರೆತವೂ ತಣಿಯಿತು. ಆದರೆ ಬೆಳಿಗ್ಗೆ ಹಗ್ಗ ಹಿಡಿದು ಇಳಿಸುವಾಗ ಹವಾಲ್ದಾರ ಆ ಮುಚ್ಚಿದ ಬಾಗಿಲ ಮುಂದೆ ಕೂತುಬಿಡುತ್ತಿದ್ದ, ಎಳೆದರೂ ಏಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ನಾನು ಕ್ಲಿನಿಕ್ಕಿಗೆ ಹೊರಟಾಗ ನಾಯಿಯ ತಟ್ಟೆ ಅಡುಗೆಮನೆಯಲ್ಲಿ ಇರಲಿಲ್ಲ. ಮೆಟ್ಟಿಲಿಳಿದರೆ ವಾಚ್ ರಿಪೇರಿಯವರ ಬಾಗಿಲು ತೆರೆದಿತ್ತು. ಬೇಯಿಸಿದ ಮೀನು, ಗೆಣಸು ತುಂಬಿದ ತಟ್ಟೆಯನ್ನು ಇವರು ಅವರ ಮುಂದೆ ಹಿಡಿದು ನಿಂತಿದ್ದರು. ನನಗೆ ಬೆಳಿಗ್ಗೆ ಅಂಗಡಿಗೆ ಹೊತ್ತಾಗುತ್ತದೆ, ಮೀನಿನ ಮುಳ್ಳು ತೆಗೆಯುವುದಕ್ಕೆ ಪುರಸೊತ್ತಿಲ್ಲ, ನನ್ನ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ, ಇವನ ಬೆಳಗಿನ ತಿಂಡಿ ದಿನಾ ಇಲ್ಲೇ ಆದರೆ ಉಪಕಾರವಾಗುತ್ತದೆ ಎಂದು ಹೇಳುತ್ತಿದ್ದರು. ಅಂಗಡಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಇವರ ಕಣ್ಣೂ ಚೆನ್ನಾಗಿಯೇ ಇದೆ. ಇವರು ನನ್ನನ್ನು ಕಟ್ಟಿಕೊಂಡ ಮೇಲೆ ಹೇಳಿದ ಸುಳ್ಳುಗಳಲ್ಲಿ ನನಗೆ ಮನಸಾರೆ ಇಷ್ಟವಾದದ್ದು ಅದೊಂದೇ.

ವಾಚ್ ರಿಪೇರಿಯವರು ತಟ್ಟೆ ತೆಗೆದುಕೊಂಡು ಮೇಜಿನ ದೀಪದ ಕೆಳಗಿಟ್ಟರು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟ ಹಿಡಿದು, ಮೀನಿನ ಮೇಲೆ ಬಗ್ಗಿ ಮುಳ್ಳು ಹೆಕ್ಕತೊಡಗಿದರು. ಕೈ ಒಂದಿಷ್ಟೂ ಅಲುಗಲಿಲ್ಲ. ಹವಾಲ್ದಾರ ಅವರ ಕುರ್ಚಿಯ ಪಕ್ಕ ಜೊಲ್ಲು ಸುರಿಸುತ್ತ, ಕಾಲು ಮಡಚಿಕೊಂಡು ಕೂತಿದ್ದನು. ಅವರು ಕಣ್ಣಿಗೆ ಕಾಣದಷ್ಟು ಸಣ್ಣದೊಂದು ಮುಳ್ಳನ್ನು ಎತ್ತಿ ಇವರ ಮೂಗಿನ ಮುಂದೆ ಹಿಡಿದರು.

"ಇಷ್ಟು ದೊಡ್ಡದನ್ನು ಬಿಟ್ಟಿದ್ದೀರಲ್ರೀ. ನಾಯಿ ಸಾಕೋರು ಹೀಗಾ ಮಾಡೋದು?"

ಜನ್ಮದಲ್ಲಿ ಯಾರ ಮಾತನ್ನೂ ಒಪ್ಪದ ನಮ್ಮ ಮನೆಯವರು ತಲೆ ಕೆರೆದುಕೊಂಡು, ತಪ್ಪಾಯ್ತು ಸಾರ್ ಎಂದರು.